ಬೀಡಿ ಸೇದುವ ಅಜ್ಜ ಮತ್ತು ಹುಡುಗರ ಲೆಕ್ಕ

ಕೊಂಡ್ಲಹಳ್ಳಿ, ಬಿ.ಜಿ.ಕೆರೆ, ರಾಂಪುರ, ತಳಕು, ಎಲ್ಲಿಗೇ ಹೋಗಿ. ಟೀ ಅಂಗಡಿ ಹಿಂದೆ ನಿಂತ ಹದಿನೇಳರ ಹುಡುಗನನ್ನು ಸಿಗರೇಟು ಸೇದಿದರೆ ಏನಾಗುತ್ತೆ ಅಂತ ಕೇಳಿ. "ಕ್ಯಾನ್ಸರ್ ಬರ್ತೈತೆ" ಅಂತ ಥಟ್ಟನೆ ಹೇಳುತ್ತಾನೆ. ಹೇಳುವಾಗ ಅವನ ಬೆರಳ ಸಂದಿಯಲ್ಲೇ ಸಿಗರೇಟು ಇದ್ದರೂ ಇರಬಹುದು.

ಇದನ್ನು ನೋಡಿ ದೊಡ್ಡವರು "ಗೊತ್ತಿದ್ದೂ ಗುಂಡಿಗೆ ಬೀಳ್ತಾವೆ" ಅಂತ ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹುಡುಗನಿಗೆ ಗೊತ್ತಿರುವುದು ಒಂದು ಪದ ಮಾತ್ರ. ಇನ್ನೊಂದು ಸ್ವಲ್ಪ ಹೊತ್ತು ಅವನ ಜೊತೆ ನಿಂತು ಮಾತಾಡಿಸಿ, ಆಗ ಅವನ ನಿಜವಾದ ನಂಬಿಕೆಗಳು ಹೊರಗೆ ಬರುತ್ತವೆ. "ನಮ್ಮ ತಾತ ಎಂಬತ್ತು ವರ್ಷ ಬೀಡಿ ಸೇದಿದ, ಏನೂ ಆಗ್ಲಿಲ್ಲ." "ದಿನಕ್ಕೆ ಒಂದು ಸೇದಿದ್ರೆ ಏನಾಗ್ತೈತೆ ಬಿಡಣ್ಣ." "ಬೀಡಿ ಎಲೆ ಅಲ್ವಾ, ಸಿಗರೇಟಿನಷ್ಟು ಕೆಟ್ಟದ್ದಲ್ಲ." "ಮದುವೆ ಆದ್ಮೇಲೆ ಬಿಡ್ತೀನಿ."

ಈ ನಾಲ್ಕು ಮಾತುಗಳು ಈ ಹುಡುಗರು ಹುಟ್ಟಿಸಿದವಲ್ಲ. ಒಂದೊಂದಕ್ಕೂ ಹಳೆಯ ಚರಿತ್ರೆ ಇದೆ. ಅದನ್ನು ಹುಡುಕುತ್ತಾ ಹೋದರೆ ನಾವು ಮೊದಲು ಹೋಗಬೇಕಾದ್ದು ಬಿಜಾಪುರಕ್ಕೆ.

ಬಿಜಾಪುರದಿಂದ ಹೋದ ತಟ್ಟೆ

ಹೊಗೆಸೊಪ್ಪು ನಮ್ಮ ನೆಲದ ಗಿಡ ಅಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಮೆಣಸಿನಕಾಯಿ ಬಂದ ಹಾಗೆ. ನಾವು ಹೊಲದಲ್ಲಿ ಬೆಳೆಯುವ ಶೇಂಗಾ ಕೂಡ ಮೂಲದಲ್ಲಿ ಅದೇ ಖಂಡದ್ದು.

1604ರ ಸುಮಾರಿಗೆ ಅಕ್ಬರ್ ಬಾದಶಹ ತನ್ನ ಅಧಿಕಾರಿ ಅಸದ್ ಬೇಗ್ ಎಂಬುವನನ್ನು ಬಿಜಾಪುರಕ್ಕೆ ಕಳಿಸಿದ್ದ. ಆಗ ಅಲ್ಲಿ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹಿ ಆಳುತ್ತಿದ್ದ. ಬಿಜಾಪುರದಲ್ಲಿ ಅಸದ್ ಬೇಗ್‌ಗೆ ತಂಬಾಕು ಕಾಣಿಸಿತು. ಉತ್ತರದಲ್ಲಿ ತಾನು ಎಂದೂ ನೋಡಿರದ ವಸ್ತು. ಒಂದಿಷ್ಟು ಕಟ್ಟಿಕೊಂಡ, ಚೆಂದದ ಒಂದು ಕೊಳವೆ ಮಾಡಿಸಿದ, ಆಗ್ರಾಕ್ಕೆ ಹೋಗಿ ಬೇರೆ ಉಡುಗೊರೆಗಳ ಜೊತೆ ತಟ್ಟೆಯಲ್ಲಿಟ್ಟು ಬಾದಶಹನ ಮುಂದೆ ಇಟ್ಟ. ಆಮೇಲೆ ಏನಾಯಿತು ಅಂತ ಅವನೇ ಬರೆದಿಟ್ಟಿದ್ದಾನೆ.

ಇದೇನು ಅಂತ ಅಕ್ಬರ್ ಕೇಳಿದ. ಆಸ್ಥಾನದ ದೊಡ್ಡ ಸರದಾರನೊಬ್ಬ, ಇದು ತಂಬಾಕು, ಮೆಕ್ಕಾ ಮದೀನಾದಲ್ಲೆಲ್ಲ ಹೆಸರಾದದ್ದು, ನಿಮಗೆ ಔಷಧಿ ಅಂತ ತಂದಿದ್ದಾನೆ ಅಂದ. ಗಮನಿಸಿ, ದರ್ಬಾರಿನಲ್ಲಿ ಅದರ ಮೊದಲ ಪರಿಚಯವೇ ಔಷಧಿ ಅಂತ. ಅಕ್ಬರ್ ಸೇದಲು ಬಾಯಿಗಿಟ್ಟ. ಅವನ ಹಕೀಮ ಓಡಿಬಂದು ತಡೆದ. ತಂದವನ ಮನಸ್ಸು ನೋಯಿಸಬಾರದು ಅಂತ ಬಾದಶಹ ಎರಡು ಮೂರು ದಮ್ಮು ಎಳೆದ. ಹಕೀಮ ಪೇಚಾಡಿಕೊಂಡ, ಅದಕ್ಕಿಂತ ಹೆಚ್ಚು ಬಿಡಲಿಲ್ಲ.

ಹಕೀಮನ ವಾದ ಇಷ್ಟೇ: ಇದು ನಮ್ಮ ಯಾವ ಗ್ರಂಥದಲ್ಲೂ ಇಲ್ಲ, ಯಾರೂ ಪರೀಕ್ಷೆ ಮಾಡಿಲ್ಲ, ಗೊತ್ತಿಲ್ಲದ ವಸ್ತುವನ್ನು ನಿಮ್ಮ ಮೇಲೆ ಪ್ರಯೋಗ ಮಾಡುವುದು ಸರಿಯಲ್ಲ. ಅಸದ್ ಬೇಗ್ ತಿರುಗಿ ವಾದಿಸಿದ: ಯುರೋಪಿನ ತಿಳಿದವರು ಸೇದುತ್ತಾರೆ, ಅವರೇನು ದಡ್ಡರೇ? ಪ್ರಪಂಚದ ಎಲ್ಲ ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ? ಅಕ್ಬರ್‌ಗೆ ವಾದ ಮೆಚ್ಚಿಗೆಯಾಯಿತು. ಹಕೀಮ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಗೆದ್ದವರು ಯಾರು? ಅಕ್ಬರ್ ಅಭ್ಯಾಸ ಮಾಡಿಕೊಳ್ಳಲಿಲ್ಲ. ಅಷ್ಟರ ಮಟ್ಟಿಗೆ ಹಕೀಮ ಗೆದ್ದ. ಆದರೆ ಅಸದ್ ಬೇಗ್ ಉಳಿದ ಸರಕನ್ನು ಸರದಾರರಿಗೆ ಹಂಚಿದ. ಸಿಗದವರು ಹೇಳಿಕಳಿಸಿ ತರಿಸಿಕೊಂಡರು. ಒಬ್ಬನ ಕೈಯಲ್ಲಿ ನೋಡಿದ ಮೇಲೆ ಇನ್ನೊಬ್ಬನಿಗೂ ಬೇಕು. ಆಮೇಲೆ ವ್ಯಾಪಾರಿಗಳು ಮಾರಲು ಶುರು ಮಾಡಿದರು, ಚಟ ಹಬ್ಬಿತು. 1617ರ ಹೊತ್ತಿಗೆ ಅಕ್ಬರನ ಮಗ ಜಹಾಂಗೀರ್ ತಂಬಾಕು ಸೇದಬಾರದು ಅಂತ ಆಜ್ಞೆ ಹೊರಡಿಸಬೇಕಾಯಿತು. ಅದು ನಡೆಯಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಈ ಕತೆಯನ್ನು ನಾನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಹೊಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ನಡೆದದ್ದು ಬಾದಶಹನ ಎದುರಿಗೆ, ಪಂಡಿತರ ನಡುವೆ. ಅಭ್ಯಾಸ ಶುರುವಾದದ್ದು ಅದರ ಪಕ್ಕದಲ್ಲಿ, ಗೆಳೆಯರ ನಡುವೆ, ಪುಕ್ಕಟೆ ಕೈಗೆ ಬಂದದ್ದರಿಂದ. ನಮ್ಮ ಹುಡುಗರೂ ಮೊದಲನೇ ಸಿಗರೇಟನ್ನು ದುಡ್ಡು ಕೊಟ್ಟು ಸೇದುವುದು ಕಡಿಮೆ. ಯಾರೋ ಒಬ್ಬ ಗೆಳೆಯ ಮುಂದೆ ಚಾಚಿರುತ್ತಾನೆ.

ಹತ್ತು ನಿಮಿಷದ ಲಾಭ, ಮೂವತ್ತು ವರ್ಷದ ನಷ್ಟ

ಬಾದಶಹರ ಕೊಳವೆ ಹಳ್ಳಿಗೆ ಬರುವಾಗ ಗುಡುಗುಡಿ ಆಯಿತು, ಚಿಲುಮೆ ಆಯಿತು, ಚುಟ್ಟ ಆಯಿತು, ಕೊನೆಗೆ ಬೀಡಿ ಆಯಿತು. 19ನೇ ಶತಮಾನದ ಶಿಶುನಾಳ ಷರೀಫರು ಗುಡುಗುಡಿಯನ್ನೇ ಇಟ್ಟುಕೊಂಡು ತತ್ವಪದ ಕಟ್ಟಿದ್ದಾರೆ. ಕೇಳುವವರ ಮನೆಯಲ್ಲಿ ಆ ವಸ್ತು ಇಲ್ಲದಿದ್ದರೆ ಪದ ಹೇಗೆ ತಲುಪೀತು? ಅಷ್ಟು ಬಳಕೆಯಲ್ಲಿತ್ತು.

ಹಳ್ಳಿಯಲ್ಲಿ ಹೊಗೆಸೊಪ್ಪಿಗೆ ಮದ್ದಿನ ಹೆಸರು ಅಂಟಿಕೊಂಡೇ ಉಳಿಯಿತು. ಬೆಳಿಗ್ಗೆ ಒಂದು ಬೀಡಿ ಎಳೆದರೆ ಹೊಟ್ಟೆ ಸಲೀಸು. ಚಳಿಗೆ ಮೈ ಬೆಚ್ಚಗೆ. ಹೊಲದಲ್ಲಿ ಬುತ್ತಿ ಬರುವುದು ತಡವಾದರೆ ಹಸಿವು ಮುಂದಕ್ಕೆ ಹೋಗುತ್ತದೆ. ಹಲ್ಲುನೋವಿಗೆ ಹೊಗೆಸೊಪ್ಪು ಒತ್ತಿಕೋ. ಇವೆಲ್ಲ ನಮ್ಮ ಮನೆಗಳಲ್ಲಿ ಕೇಳಿದ ಮಾತುಗಳೇ.

ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವ ಮೊದಲು ಒಂದು ನಿಮಿಷ ತಡೆಯಿರಿ. ತಂಬಾಕಿನಲ್ಲಿರುವ ನಿಕೋಟಿನ್ ಹಸಿವನ್ನು ನಿಜವಾಗಿಯೂ ತಗ್ಗಿಸುತ್ತದೆ. ಕರುಳನ್ನು ಚುರುಕು ಮಾಡುತ್ತದೆ. ಅಂದರೆ ಹಿರಿಯರು ಸುಳ್ಳು ಹೇಳಲಿಲ್ಲ, ತಮ್ಮ ಮೈಯಲ್ಲಿ ಕಂಡದ್ದನ್ನೇ ಹೇಳಿದರು. ಲಾಭ ಹತ್ತು ನಿಮಿಷದಲ್ಲಿ ಕಾಣುತ್ತದೆ. ನಷ್ಟ ಕಾಣಲು ಇಪ್ಪತ್ತು ಮೂವತ್ತು ವರ್ಷ ಬೇಕು. ಅಷ್ಟು ದೂರ ಇಟ್ಟ ಎರಡು ಸಂಗತಿಗಳನ್ನು ಗಂಟು ಹಾಕುವುದು ಬರಿಗಣ್ಣಿಗೆ ಆಗದ ಕೆಲಸ. ವೈದ್ಯ ಲೋಕಕ್ಕೇ ಅದು ಸುಲಭವಾಗಲಿಲ್ಲ. ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಆಸ್ಪತ್ರೆಯ ರೋಗಿಗಳನ್ನು ಒಬ್ಬೊಬ್ಬರನ್ನೇ ಕೇಳಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಪ್ರಕಟಿಸಿದ್ದು 1950ರಲ್ಲಿ. ಅಮೆರಿಕ ಸರ್ಕಾರದ ಮುಖ್ಯ ವೈದ್ಯಾಧಿಕಾರಿ ಅದನ್ನು ಅಧಿಕೃತವಾಗಿ ಒಪ್ಪಿ ವರದಿ ಕೊಟ್ಟದ್ದು 1964ರಲ್ಲಿ. ಅಲ್ಲಿಗೆ ಬಿಜಾಪುರದ ತಟ್ಟೆ ಆಗ್ರಾಕ್ಕೆ ಹೋಗಿ 360 ವರ್ಷ.

ಲಾಭವೂ ಬೇಡ, ಬರೀ ಹೊಗೆ ಬಿಡುವ ಖುಷಿಗೇ ಶುರು ಮಾಡುವವರು ಇದ್ದಾರೆ. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಚಿಕ್ಕಪ್ಪ ಸೇದುವುದನ್ನು ನೋಡಿ, ಅವರು ಎಸೆದ ತುಂಡುಗಳನ್ನು ಹೆಕ್ಕಿ ಸೇದಿದ್ದು, ಆಮೇಲೆ ಆಳಿನ ಕಾಸು ಕದ್ದದ್ದು. ಅದರಲ್ಲಿ ಏನೋ ಒಳ್ಳೆಯದಿದೆ ಅಂತ ಹುಡುಗ ಮೋಹನದಾಸನಿಗೂ ಅನಿಸಿರಲಿಲ್ಲ. ಬಾಯಿಂದ ಮೋಡದ ಹಾಗೆ ಹೊಗೆ ಬಿಡುವುದು ಮಜಾ ಅನಿಸಿತ್ತು, ಅಷ್ಟೇ.

ಬೀಡಿಗೆ ಇಲ್ಲದ ಎಚ್ಚರಿಕೆ

"ಬೀಡಿ ಅಷ್ಟು ಕೆಟ್ಟದ್ದಲ್ಲ" ಅನ್ನುವ ನಂಬಿಕೆ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹಳ್ಳಿಯಲ್ಲಿ ಹುಡುಕಬೇಡಿ, ಕಾನೂನಿನ ಪುಸ್ತಕದಲ್ಲಿ ಹುಡುಕಿ.

ಸಿಗರೇಟು ನಮ್ಮ ರಾಜ್ಯಕ್ಕೆ ಕಾರ್ಖಾನೆಯ ವಸ್ತುವಾಗಿ ಬಂತು. ಇಂಪೀರಿಯಲ್ ಟೊಬ್ಯಾಕೊ ಕಂಪನಿ, ಅಂದರೆ ಇವತ್ತಿನ ಐಟಿಸಿ, ಬೆಂಗಳೂರಿನಲ್ಲಿ ಸಿಗರೇಟು ಕಾರ್ಖಾನೆ ಹಾಕಿದ್ದು 1913ರಲ್ಲಿ. ಬೀಡಿ ಹಾಗಲ್ಲ, ಅದು ಮನೆಯ ಪಡಸಾಲೆಯಲ್ಲಿ ತಯಾರಾಯಿತು. ಮಂಗಳೂರು ಕಡೆ ಮೊರದಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು ಇಟ್ಟುಕೊಂಡು ಹೆಂಗಸರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ನಿಪ್ಪಾಣಿಯ ರೈತ ಬೀಡಿ ತಂಬಾಕು ಬೆಳೆದ. ಬೀಡಿ ಬಡವರ ಅನ್ನ ಅನ್ನುವ ಮಾತಿನಲ್ಲಿ ಸುಳ್ಳಿಲ್ಲ.

1975ರಲ್ಲಿ ಕೇಂದ್ರ ಸರ್ಕಾರ ಒಂದು ಕಾನೂನು ಮಾಡಿತು. ಸಿಗರೇಟು ಪ್ಯಾಕಿನ ಮೇಲೆ, ಜಾಹೀರಾತಿನ ಮೇಲೆ, ಸೇದುವುದು ಆರೋಗ್ಯಕ್ಕೆ ಹಾನಿಕರ ಅಂತ ಬರೆಯಲೇಬೇಕು. ಆ ಕಾನೂನು ಸಿಗರೇಟಿಗೆ ಮಾತ್ರ. ಬೀಡಿಗೆ ಇಲ್ಲ. ಮರುವರ್ಷ, 1976ರಲ್ಲಿ, ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾನೂನು ಬಂತು. ಕಾರ್ಮಿಕರಿಗೆ ಅದು ಬೇಕಾಗಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಸೇದುವವನ ಕಡೆಯಿಂದ ನೋಡಿ. ಪೇಟೆಯವನು ಸೇದುವ ಸಿಗರೇಟಿನ ಮೇಲೆ ಸರ್ಕಾರವೇ ಅಪಾಯ ಅಂತ ಬರೆಸಿದೆ. ಹಳ್ಳಿಯವನು ಸೇದುವ ಬೀಡಿ ಕಟ್ಟಿನ ಮೇಲೆ ದೇವರ ಪಟವೋ ಯಾರದೋ ಮುಖವೋ ಇದೆ, ಎಚ್ಚರಿಕೆ ಇಲ್ಲ. ಇದರಿಂದ ಯಾರೇ ಆದರೂ ಏನು ತಿಳಿದುಕೊಳ್ಳುತ್ತಾರೆ?

ಬೀಡಿಯನ್ನೂ ಗುಟ್ಕಾವನ್ನೂ ಸೇರಿಸಿ ಎಲ್ಲ ತಂಬಾಕಿಗೂ ಒಂದೇ ಕಾನೂನು ಬಂದದ್ದು 2003ರಲ್ಲಿ. ಚಿತ್ರದ ಎಚ್ಚರಿಕೆ ಕಣ್ಣಿಗೆ ಬಿದ್ದದ್ದು 2009ರ ಮೇ 31ರಿಂದ. ಅಂದರೆ ಒಂದು ತಲೆಮಾರು, 34 ವರ್ಷ, ಬೀಡಿ ಎಚ್ಚರಿಕೆ ಇಲ್ಲದೆ ಮಾರಾಟವಾಯಿತು. ಆ ಕಾಲದಲ್ಲಿ ಸೇದಲು ಶುರು ಮಾಡಿದವರೇ ಇವತ್ತಿನ ಹುಡುಗರ ಅಪ್ಪಂದಿರು, ತಾತಂದಿರು.

ನಿಜ ಏನೆಂದರೆ, ಬೀಡಿಯಲ್ಲಿ ಪುಡಿ ಸಿಗರೇಟಿನ ಕಾಲು ಭಾಗದಷ್ಟೇ ಇದ್ದರೂ ಎಲೆಯಲ್ಲಿ ಗಾಳಿ ಆಡುವುದಿಲ್ಲ. ಬಿಟ್ಟರೆ ಆರಿಹೋಗುತ್ತದೆ. ಆರದ ಹಾಗೆ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಹಾಗೆ ಎಳೆದಾಗ ಒಳಗೆ ಹೋಗುವ ಟಾರು, ನಿಕೋಟಿನ್, ವಿಷಗಾಳಿ ಸಿಗರೇಟಿಗಿಂತ ಕಡಿಮೆ ಏನಲ್ಲ.

ಕಟ್ಟೆ ಮೇಲಿನ ಲೆಕ್ಕ

ಈಗ ಅಜ್ಜನ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಮುಖ್ಯವಾದದ್ದು ಇದೇ.

ಪ್ರತಿ ಊರಲ್ಲೂ ಒಬ್ಬ ಇದ್ದಾನೆ. ದಿನಕ್ಕೆ ಒಂದು ಕಟ್ಟು ಬೀಡಿ ಸೇದಿ, ಎಂಬತ್ತು ದಾಟಿ, ಅರಳಿಕಟ್ಟೆ ಮೇಲೆ ಗಟ್ಟಿಯಾಗಿ ಕೂತಿರುವ ಅಜ್ಜ. ಆರೋಗ್ಯ ಇಲಾಖೆಯ ಯಾವ ಪೋಸ್ಟರೂ ಆ ಅಜ್ಜನ ಮುಂದೆ ನಿಲ್ಲುವುದಿಲ್ಲ. ಹುಡುಗರಿಗೆ ಅವನೇ ಸಾಕ್ಷಿ.

2008ರಲ್ಲಿ ಟೊರಾಂಟೊದ ಪ್ರಭಾತ್ ಝಾ ಮತ್ತು ಜೊತೆಗಾರರು ಭಾರತದ ಲೆಕ್ಕ ಪ್ರಕಟಿಸಿದರು. ದೇಶದಾದ್ಯಂತ 11 ಲಕ್ಷ ಮನೆಗಳನ್ನು ಒಳಗೊಂಡ ಸಮೀಕ್ಷೆ. ಸತ್ತ ಸುಮಾರು 74,000 ಜನರ ಮನೆಯವರನ್ನು ಕೇಳಿ, ಅವರು ಸೇದುತ್ತಿದ್ದರೋ ಇಲ್ಲವೋ ತಿಳಿದು, ಬದುಕಿರುವ 78,000 ಜನರ ಜೊತೆ ಹೋಲಿಸಿದರು. ಸೇದುವ ಗಂಡಸರಲ್ಲಿ 100ಕ್ಕೆ 61 ಮಂದಿ 30ರಿಂದ 69ರ ವಯಸ್ಸಿನ ಒಳಗೆ ಸಾಯುತ್ತಾರೆ, ಸೇದದವರಲ್ಲಿ 41 ಮಂದಿ.

ಇದನ್ನು ಕಟ್ಟೆಗೆ ತಂದು ನೋಡಿ. 30ರ ವಯಸ್ಸಿನ 100 ಜನ ಬೀಡಿ ಸೇದುವವರು ಇದ್ದರು ಅಂತಿಟ್ಟುಕೊಳ್ಳಿ. ಅವರಲ್ಲಿ 39 ಮಂದಿ 70 ದಾಟುತ್ತಾರೆ. ಆ 39 ಮಂದಿ ನಮ್ಮ ಕಣ್ಣ ಮುಂದೆ ಇದ್ದಾರೆ, ಮಾತಾಡುತ್ತಾರೆ, ಬೆಂಕಿಪೊಟ್ಟಣ ಕೇಳುತ್ತಾರೆ. ಉಳಿದ 61 ಮಂದಿ ಕಟ್ಟೆ ಮೇಲೆ ಇಲ್ಲ. ಹೋದವರು ಸಾಕ್ಷಿ ಹೇಳಲು ಬರುವುದಿಲ್ಲ. ಸೇದದೇ ಹೋಗಿದ್ದರೆ ಅವರಲ್ಲಿ 20 ಮಂದಿ ಇನ್ನೂ ಕಟ್ಟೆ ಮೇಲೆ ಇರುತ್ತಿದ್ದರು. ಆ 20 ಮಂದಿ ಯಾರು ಯಾರು ಅಂತ ಬೆರಳು ಮಾಡಿ ತೋರಿಸಲು ಯಾವ ಡಾಕ್ಟರಿಗೂ ಆಗುವುದಿಲ್ಲ. ಹಾಗಾಗಿ ಹುಡುಗ ತಾತನನ್ನು ನೋಡಿ ಮಾಡಿಕೊಂಡ ಲೆಕ್ಕ ದಡ್ಡತನದ್ದಲ್ಲ, ಅರ್ಧ ಲೆಕ್ಕ.

ಇನ್ನೊಂದು ಅರ್ಧವೂ ಇದೆ. "ಕ್ಯಾನ್ಸರ್ ಬರ್ತೈತೆ" ಅಂತ ಕಲಿತ ಹುಡುಗ ಊರಲ್ಲಿ ಕ್ಯಾನ್ಸರಿನಿಂದ ಸತ್ತವರನ್ನು ಎಣಿಸುತ್ತಾನೆ. ಒಬ್ಬರೋ ಇಬ್ಬರೋ ಸಿಗುತ್ತಾರೆ, ಅವರನ್ನು ಬೆಂಗಳೂರಿನ ಕಿದ್ವಾಯಿಗೆ ಕರೆದುಕೊಂಡು ಹೋಗಿದ್ದು ಊರಿಗೆಲ್ಲ ನೆನಪಿರುತ್ತದೆ. ಇಷ್ಟು ಜನ ಸೇದುವ ಊರಲ್ಲಿ ಇಬ್ಬರೇ ಅಂದರೆ, ಭಯ ಪಡುವಂಥದ್ದೇನಿಲ್ಲ ಅನಿಸುತ್ತದೆ.

ಆದರೆ ನಮ್ಮ ಹಳ್ಳಿಗಳಲ್ಲಿ ಬೀಡಿ ಹೆಚ್ಚಾಗಿ ಕೊಲ್ಲುವುದು ಕ್ಯಾನ್ಸರಿನ ಹೆಸರಲ್ಲಿ ಅಲ್ಲ. 2003ರಲ್ಲಿ ಪಕ್ಕದ ತಮಿಳುನಾಡಿನಲ್ಲಿ ಡಾ. ಗಜಲಕ್ಷ್ಮಿ ಮತ್ತು ಸಂಗಡಿಗರು ಗಂಡಸರ 43,000 ಸಾವುಗಳನ್ನು ಪರಿಶೀಲಿಸಿ ಒಂದು ಸಂಗತಿ ತೋರಿಸಿದರು. ಟಿಬಿಯಿಂದ ಸತ್ತ ಗಂಡಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸಾವಿಗೆ ಧೂಮಪಾನವೇ ಕಾರಣ. ಹೊಗೆ ಎದೆಗೂಡನ್ನು ದುರ್ಬಲ ಮಾಡಿಟ್ಟಿರುತ್ತದೆ, ಒಳಗೆ ಅಡಗಿದ್ದ ಟಿಬಿ ಎದ್ದು ಕೂರುತ್ತದೆ. ಝಾ ಅವರ ಲೆಕ್ಕದಲ್ಲೂ ಅದೇ: ಟಿಬಿ, ಉಬ್ಬಸ ದಮ್ಮಿನಂಥ ಶ್ವಾಸದ ರೋಗ, ಹೃದಯದ ರೋಗ, ಇವುಗಳ ಪಾಲೇ ದೊಡ್ಡದು.

ಈಗ ನಿಮ್ಮ ಊರಲ್ಲಿ ಐವತ್ತು ಅರವತ್ತಕ್ಕೆ ಹೋದವರನ್ನು ನೆನಪು ಮಾಡಿಕೊಳ್ಳಿ. "ಟಿಬಿ ಆಗಿತ್ತು." "ದಮ್ಮು ಇತ್ತು, ಚಳಿಗಾಲದಲ್ಲಿ ಹೋದ." "ಹೊಲದಲ್ಲೇ ಎದೆ ಹಿಡಕೊಂಡು ಬಿದ್ದ." ಇವರಲ್ಲಿ ಯಾರ ಸಾವನ್ನಾದರೂ ಊರು ಬೀಡಿಯ ಖಾತೆಗೆ ಬರೆದದ್ದುಂಟೆ? ಟಿಬಿಯನ್ನು ಟಿಬಿ ಖಾತೆಗೆ, ಹಾರ್ಟನ್ನು ಹಣೆಬರಹದ ಖಾತೆಗೆ ಬರೆದು ಮುಗಿಸಿದೆವು. ಬೀಡಿಯ ಖಾತೆಯಲ್ಲಿ ಉಳಿದದ್ದು ಆ ಒಂದೆರಡು ಕ್ಯಾನ್ಸರ್ ಮಾತ್ರ.

ಸರ್ಕಾರದ ಎಚ್ಚರಿಕೆಗಳೂ ಇದೇ ತಪ್ಪಿಗೆ ನೀರೆರೆದವು ಅಂತ ನನ್ನ ಅಭಿಪ್ರಾಯ. ಸಿನಿಮಾ ಮಂದಿರದಲ್ಲಿ, ಪ್ಯಾಕಿನ ಮೇಲೆ, ಶಾಲೆಯ ಗೋಡೆ ಮೇಲೆ ಹೆಚ್ಚಾಗಿ ಕ್ಯಾನ್ಸರ್. ಹುಡುಗನಿಗೆ ದೊಡ್ಡ ಭಯವೊಂದನ್ನು ಕಲಿಸಿದೆವು, ಆ ಭಯ ತನ್ನ ಊರಲ್ಲಿ ಅವನಿಗೆ ಕಾಣಲಿಲ್ಲ.

ತಿಳಿದವರೇ ಹೆಚ್ಚು ಸೇದಿದರು

ತಿಳಿವಳಿಕೆ ಇದ್ದರೆ ಶುರು ಮಾಡುವುದಿಲ್ಲ ಅನ್ನುವುದಾದರೆ ಡಾಕ್ಟರ್ ಓದುವ ಹುಡುಗರು ಎಲ್ಲರಿಗಿಂತ ಕಡಿಮೆ ಸೇದಬೇಕಿತ್ತು. ಕರ್ನಾಟಕದಲ್ಲೇ ಇದನ್ನು ನೋಡಿದವರಿದ್ದಾರೆ. ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು ಸಂಗಡಿಗರ ಜೊತೆ ಸೇರಿ ನಮ್ಮ ರಾಜ್ಯದ ಕಾಲೇಜುಗಳ 1,587 ಗಂಡುಹುಡುಗರನ್ನು ಕೇಳಿ, 2004ರಲ್ಲಿ ಪ್ರಕಟಿಸಿದರು. 100ಕ್ಕೆ 45 ಮಂದಿ ಯಾವುದೋ ಒಂದು ತಂಬಾಕನ್ನು ಒಮ್ಮೆಯಾದರೂ ಮುಟ್ಟಿದ್ದರು. ಸಿಗರೇಟು ಸೇದಿ ನೋಡಿದವರು 36, ಗುಟ್ಕಾ 18, ಬೀಡಿ 10.

ಯಾರು ಹೆಚ್ಚು? ಇಂಜಿನಿಯರಿಂಗ್, ಮೆಡಿಕಲ್, ಲಾ ಓದುವವರು. ಬೇರೆ ಕೋರ್ಸಿನವರಿಗಿಂತ ಇವರೇ ಹೆಚ್ಚು ಸೇದಿ ನೋಡಿದ್ದರು, ದಿನಾ ಸೇದುವವರೂ ಇವರಲ್ಲೇ ಹೆಚ್ಚು. ಯಾಕೆ ಅಂದರೆ ಗಂಡಸುತನ, ಬೇಜಾರು, ಟೆನ್ಶನ್ ಅನ್ನುವ ಉತ್ತರ.

ಹಾಗಾದರೆ ಅಪಾಯದ ನಂಬಿಕೆಗೆ ಬೆಲೆಯೇ ಇಲ್ಲವೇ? ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡು ಹೈಸ್ಕೂಲಿನ 395 ಮಕ್ಕಳನ್ನು ಮೊದಲೇ ಕೇಳಿಟ್ಟುಕೊಂಡು, ಆಮೇಲೆ ಯಾರು ಸೇದಲು ಶುರು ಮಾಡಿದರು ಅಂತ ಹಿಂಬಾಲಿಸಿ ನೋಡಿದರು. 2009ರಲ್ಲಿ ಅದು ಪ್ರಕಟವಾಯಿತು. ಮುಂದೆ ದೊಡ್ಡ ರೋಗ ಬರುವ ಸಂಭವ ಬಹಳ ಕಡಿಮೆ ಅಂದುಕೊಂಡಿದ್ದ ಮಕ್ಕಳು, ಹೆಚ್ಚು ಅಂದುಕೊಂಡಿದ್ದವರಿಗಿಂತ ಮೂರೂವರೆ ಪಟ್ಟು ಹೆಚ್ಚು ಶುರು ಮಾಡಿದ್ದರು. ಕೆಮ್ಮು, ಉಸಿರು ಕಟ್ಟುವುದು, ಇಂಥ ಕೂಡಲೇ ಕಾಣುವ ತೊಂದರೆ ತಮಗೆ ಬರುವುದಿಲ್ಲ ಅಂದುಕೊಂಡವರಲ್ಲೂ ಎರಡೂವರೆ ಪಟ್ಟು. ನಂಬಿಕೆಗೆ ತೂಕವಿದೆ. ಆದರೆ ಅಲ್ಲಿ ಕೇಳಿದ್ದು "ಸಿಗರೇಟು ಕೆಟ್ಟದ್ದೇ?" ಅಂತ ಅಲ್ಲ, "ನೀನು ಸೇದಿದರೆ ನಿನಗೆ ಆಗುವ ಸಂಭವ ಎಷ್ಟು?" ಅಂತ. ಈ ಎರಡು ಪ್ರಶ್ನೆಗಳ ನಡುವೆ ನಮ್ಮ ಟೀ ಅಂಗಡಿ ಹುಡುಗ ನಿಂತಿದ್ದಾನೆ. ಮೊದಲನೆಯದಕ್ಕೆ ಹೌದು ಅನ್ನುತ್ತಾನೆ. ಎರಡನೆಯದಕ್ಕೆ ನಗುತ್ತಾನೆ.

ಪೌಲ್ ಸ್ಲೋವಿಕ್ ಎಂಬ ಮನಶ್ಶಾಸ್ತ್ರಜ್ಞ ಈ ನಗುವನ್ನು ಬಿಡಿಸಿ ಹೇಳಿದ್ದಾರೆ. ಇಪ್ಪತ್ತು ವರ್ಷ ಸೇದಿದರೆ ಅಪಾಯ ಅಂತ ಹುಡುಗರು ಒಪ್ಪುತ್ತಾರೆ. ಆದರೆ ಈಗಿನ ಈ ಒಂದರಿಂದ ಏನೂ ಆಗದು, ಮೊದಲ ಕೆಲವು ವರ್ಷ ಏನೂ ಆಗದು, ಅಷ್ಟರೊಳಗೆ ನಾನು ಬಿಟ್ಟಿರುತ್ತೇನೆ ಅಂತ ನಂಬುತ್ತಾರೆ. ಇವರ ಲೆಕ್ಕದಲ್ಲಿ ರೋಗ ಇದೆ, ಚಟ ಇಲ್ಲ. ಒಂದೊಂದೇ ಹೆಜ್ಜೆ ಸುರಕ್ಷಿತ, ದಾರಿ ಮಾತ್ರ ಅಪಾಯ ಅಂದ ಹಾಗೆ. "ಮದುವೆ ಆದ್ಮೇಲೆ ಬಿಡ್ತೀನಿ" ಅನ್ನುವುದು ಇದೇ. ಮದುವೆಯಾಗಿ ಮಕ್ಕಳು ಹೈಸ್ಕೂಲಿಗೆ ಹೋಗುವಾಗಲೂ ಬಿಡದವರನ್ನು ನೀವೂ ಕಂಡಿದ್ದೀರಿ.

ಇನ್ನು "ದಿನಕ್ಕೆ ಒಂದೆರಡು" ಅನ್ನುವುದಕ್ಕೆ ಝಾ ಅವರ ಲೆಕ್ಕದಲ್ಲೇ ಉತ್ತರ ಇದೆ. ದಿನಕ್ಕೆ 1ರಿಂದ 7 ಬೀಡಿ ಸೇದುವವರಲ್ಲೂ ಸಾವಿನ ಸಂಭವ ಕಾಲು ಭಾಗ ಏರಿತ್ತು. ಅಷ್ಟೇ ಸಿಗರೇಟು ಸೇದುವವರಲ್ಲಿ ಸುಮಾರು ಎರಡು ಪಟ್ಟು. ಬೀಡಿ ಸೇದುವ ಗಂಡಸಿನ ಆಯಸ್ಸು ಸರಾಸರಿ 6 ವರ್ಷ, ಹೆಂಗಸಿನದು 8 ವರ್ಷ, ಸಿಗರೇಟು ಸೇದುವ ಗಂಡಸಿನದು 10 ವರ್ಷ ಕಡಿಮೆ.

ಪ್ಯಾಕು ನೋಡದ ಗಿರಾಕಿ

ಚಿತ್ರದ ಎಚ್ಚರಿಕೆಯ ಕತೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾತ್ರ ಇದೆ. 2009ರ ಚಿತ್ರ ಪ್ಯಾಕಿನ ಮುಂಭಾಗದ ಶೇ 40 ಜಾಗದಲ್ಲಿತ್ತು. ಜಗಿಯುವ ತಂಬಾಕಿಗೆ ಚೇಳಿನ ಚಿತ್ರ ಹಾಕಿದ್ದರು. ಚೇಳಿಗೂ ಹೊಗೆಸೊಪ್ಪಿಗೂ ಏನು ಸಂಬಂಧ ಅಂತ ತಲೆ ಕೆರೆದುಕೊಳ್ಳುವ ಹಾಗಿತ್ತು. 2016ರ ಏಪ್ರಿಲ್ 1ರಿಂದ ಎರಡೂ ಬದಿಯಲ್ಲಿ ಶೇ 85 ಜಾಗ ಚಿತ್ರಕ್ಕೇ ಅಂತಾಯಿತು. ಕಂಪನಿಗಳು ಬೇರೆ ಬೇರೆ ಹೈಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟು ಎಲ್ಲ ಅರ್ಜಿಗಳನ್ನೂ ಕರ್ನಾಟಕ ಹೈಕೋರ್ಟಿಗೆ ವರ್ಗ ಮಾಡಿತು. 2017ರ ಡಿಸೆಂಬರ್ 15ರಂದು ಹೈಕೋರ್ಟು ಶೇ 85ರ ನಿಯಮವನ್ನು ರದ್ದು ಮಾಡಿತು. 2018ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಹಾಗಾಗಿ ದೊಡ್ಡ ಚಿತ್ರ ಉಳಿಯಿತು.

ಚಿತ್ರದಿಂದ ಉಪಯೋಗ ಆಗಿದೆ. ದೇಶದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ, ಎಚ್ಚರಿಕೆ ನೋಡಿ ಬಿಡಬೇಕು ಅನಿಸಿತು ಅಂದ ಬೀಡಿ ಸೇದುವವರು 2009-10ರಲ್ಲಿ 100ಕ್ಕೆ 29 ಇದ್ದರು, 2016-17ರಲ್ಲಿ 54. ಇದೇ ಅವಧಿಯಲ್ಲಿ ಕರ್ನಾಟಕದಲ್ಲಿ ತಂಬಾಕು ಬಳಸುವ ವಯಸ್ಕರು 100ಕ್ಕೆ 28ರಿಂದ 23ಕ್ಕೆ ಇಳಿದರು. ಸಣ್ಣ ಮಾತಲ್ಲ.

ಆದರೆ ಇದು ಆಗಲೇ ಸೇದುವವರ ಮಾತು. ಹೊಸಬ ಪ್ಯಾಕು ಕೊಳ್ಳುವುದಿಲ್ಲ. ಅವನು ಕೊಳ್ಳುವುದು ಒಂದು. ಅಂಗಡಿಯವನು ಡಬ್ಬಿಯಿಂದ ಒಂದು ತೆಗೆದು ಕೊಡುತ್ತಾನೆ, ನೇತುಹಾಕಿದ ಲೈಟರಿನಲ್ಲಿ ಹಚ್ಚಿಕೊಳ್ಳುತ್ತಾನೆ. ಕೋರ್ಟಿನಲ್ಲಿ ಅಷ್ಟು ಹೋರಾಡಿ ಉಳಿಸಿದ ಚಿತ್ರ ಅಂಗಡಿಯವನ ಕಡೆ ಮುಖ ಮಾಡಿ ಕೂತಿರುತ್ತದೆ. ನಮ್ಮ ರಾಜ್ಯ 2017ರಲ್ಲೇ ಬಿಡಿ ಸಿಗರೇಟು ಮಾರಬಾರದು ಅಂತ ಆದೇಶ ಮಾಡಿದೆ. ನಿಮ್ಮೂರ ಪೆಟ್ಟಿಗೆ ಅಂಗಡಿಯವರಿಗೆ ಅದು ತಲುಪಿದೆಯಾ ಅಂತ ನೀವೇ ನೋಡಿಕೊಳ್ಳಿ.

ಭಯವಿಲ್ಲದ ಕಟ್ಟು

ಇಲ್ಲಿ ಒಂದು ಪಕ್ಕದ ಮಾತು. ನಮ್ಮ ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯಲ್ಲಿ ಮ್ಯಾಸನಾಯಕರ ಹಟ್ಟಿಗಳಿವೆ. ಸಂಪ್ರದಾಯದಂತೆ ಅವರು ಕೋಳಿ ತಿನ್ನುವುದಿಲ್ಲ, ಹೆಂಡ ಮುಟ್ಟುವುದಿಲ್ಲ. ಕೋಳಿ ತಿಂದರೆ ಇಂಥ ರೋಗ ಬರುತ್ತದೆ ಅಂತ ಯಾರೂ ಆ ಮಕ್ಕಳಿಗೆ ಹೇಳಿಕೊಟ್ಟದ್ದಲ್ಲ. "ನಮ್ಮಲ್ಲಿ ಇಲ್ಲ" ಅನ್ನುವುದು ಐದು ವರ್ಷದ ಮಗುವಿಗೂ ಗೊತ್ತು. ಕಟ್ಟು ಈಗ ಸಡಿಲವಾಗುತ್ತಿದೆ ಅನ್ನುವವರಿದ್ದಾರೆ, ಅದು ಬೇರೆ ಚರ್ಚೆ. ನಾನು ಹೇಳುವುದು, ಒಂದು ವಸ್ತುವನ್ನು ಶುರು ಮಾಡದೇ ಇರಲು ರೋಗದ ಭಯವೊಂದೇ ದಾರಿ ಅಲ್ಲ.

ಹೆಣ್ಣುಮಕ್ಕಳನ್ನೇ ನೋಡಿ. ಹುಡುಗರು ಓದುವ ಅದೇ ಶಾಲೆ, ಅದೇ ಪಾಠ, ಅದೇ ಪೋಸ್ಟರು. ನಮ್ಮ ಕಡೆ ಹುಡುಗಿಯರು ಸೇದುವುದಿಲ್ಲ. ಕ್ಯಾನ್ಸರಿಗೆ ಹೆದರಿ ಅಂತ ನೀವು ಹೇಳುತ್ತೀರಾ? ಹುಡುಗನಿಗೆ ಸಿಗರೇಟು "ದೊಡ್ಡವನಾದೆ" ಅನ್ನುವ ಗುರುತಾಗಿರುವ ತನಕ ಅದರ ಪಕ್ಕದಲ್ಲಿ ಎಷ್ಟು ದೊಡ್ಡ ಚಿತ್ರ ಅಂಟಿಸಿದರೂ ಎರಡೂ ಬೇರೆ ಬೇರೆ ಕಿವಿಯಲ್ಲಿ ಹೋಗುತ್ತವೆ.

ಹತ್ತು ವರ್ಷದೊಳಗೆ

2019ರಲ್ಲಿ ದೇಶದ 13ರಿಂದ 15 ವರ್ಷದ ಶಾಲಾ ಮಕ್ಕಳ ಸಮೀಕ್ಷೆ ನಡೆಯಿತು. ತಂಬಾಕು ಬಳಸುವವರು ದೇಶದಲ್ಲಿ 100ಕ್ಕೆ ಎಂಟೂವರೆ, ಕರ್ನಾಟಕದಲ್ಲಿ ಬರೀ 1.2. ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಸಂತೋಷದ ಸುದ್ದಿಯೇ. ಆದರೆ ಲೆಕ್ಕ ತೆಗೆದದ್ದು ಶಾಲೆಯಲ್ಲಿ ಕೂತ ಮಕ್ಕಳದ್ದು. ಶಾಲೆ ಬಿಟ್ಟು ಗಾರೆ ಕೆಲಸಕ್ಕೆ, ಲಾರಿ ಕ್ಲೀನರ್ ಕೆಲಸಕ್ಕೆ, ಬೆಂಗಳೂರಿಗೆ ಗುಳೆ ಹೋದ ಹುಡುಗರು ಅದರಲ್ಲಿ ಇಲ್ಲ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ದೇಶದಲ್ಲಿ ಬೀಡಿ ಸೇದಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಶುರು ಮಾಡಿದ್ದು ಹತ್ತೂವರೆ ವರ್ಷದ ಒಳಗೆ. ಸಿಗರೇಟಿಗೆ ಹನ್ನೊಂದೂವರೆ. ಬೀಡಿ ಮೊದಲು, ಸಿಗರೇಟು ಆಮೇಲೆ. ಹತ್ತು ವರ್ಷದ ಮಗುವಿಗೆ ಶೋಕಿ ಎಲ್ಲಿಂದ ಬರಬೇಕು, ಟೆನ್ಶನ್ ಎಲ್ಲಿಂದ?

ನಮ್ಮ ಹಟ್ಟಿಗಳನ್ನು ಬಲ್ಲವರಿಗೆ ಇದು ಒಗಟಲ್ಲ. "ಹೋಗಪ್ಪಾ, ಅಂಗಡಿಗೆ ಓಡಿ ಒಂದು ಕಟ್ಟು ಬೀಡಿ ತಗಂಡು ಬಾ." "ಒಲೆಯಾಗೆ ಹಚ್ಚಿಕೊಂಡು ಬಾರೋ." ಕೈಯಲ್ಲಿ ಹಿಡಿದು ಒಲೆಗಿಟ್ಟರೆ ಬೀಡಿ ಹೊತ್ತುವುದಿಲ್ಲ, ಹೊತ್ತಿದರೂ ತರುವಷ್ಟರಲ್ಲಿ ಆರುತ್ತದೆ. ಬಾಯಿಗಿಟ್ಟು ಒಂದು ಸಲ ಎಳೆಯಬೇಕು. ಮಗು ಎಳೆದು, ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು ತಂದು ಕೊಡುತ್ತದೆ. ಮನೆಯವರು ನಗುತ್ತಾರೆ. ಅವನ ಅಪಾಯದ ಲೆಕ್ಕ ಶುರುವಾಗುವುದು ಅಲ್ಲಿ, ಪಾಠ ಕೇಳುವುದಕ್ಕೆ ಎಷ್ಟೋ ಮೊದಲು. ಸೇದಿದೆ, ಏನೂ ಆಗಲಿಲ್ಲ, ಅಪ್ಪ ನಕ್ಕರು.

2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಕಾನೂನಿನಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವ ಹಾಗಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1,000 ರೂಪಾಯಿವರೆಗೆ. ಬಿಡಲು ಮನಸ್ಸಿರುವವರಿಗೆ ಪ್ಯಾಕಿನ ಮೇಲೆ 1800-11-2356 ಎಂಬ ಪುಕ್ಕಟೆ ನಂಬರೂ ಇದೆ. ಅಂಗಡಿಯವರು ಹತ್ತು ವರ್ಷದ ಮಗುವಿನ ಕೈಗೆ ಬೀಡಿ ಕಟ್ಟು ಕೊಡುವಾಗ ಕೇಳುವ ಪ್ರಶ್ನೆ ಮಾತ್ರ ಇವತ್ತಿಗೂ ಒಂದೇ: "ಯಾರಿಗೆ, ನಿಮ್ಮಪ್ಪಂಗಾ?"